ದ್ವಿವಚನ

ಬೌಟ್ಸೆನ್ ಊರಿನ ಮೂರನೇ ಮಹಡಿ. ಹಾಂಜಾಳ ಬೆರಳುಗಳು
ಈಗ ಮೊಟ್ಟೆಯ ಮೇಲೆ ಮೇಣದ ಗೆರೆ ಎಳೆಯಲಾರವು,
ಕೀಲಿ ಒತ್ತಲಾರವು. ಬಾಯಿ ಮಾತ್ರ ಇನ್ನೂ ಗಟ್ಟಿ.

ಶಾಲೆಯವರು ಬಿಸಾಕಿದ ಲ್ಯಾಪ್‌ಟಾಪಿಗೆ
ಕಾಸಿಲ್ಲದ ಲಿನಕ್ಸ್ ಹಾಕಿಕೊಟ್ಟ ಪಕ್ಕದ ಮನೆಯ ಮ್ಯೆರ್ಚಿನ್:
"ಮಾತಾಡಜ್ಜಿ, ಬರೆದುಕೊಳ್ಳುತ್ತೆ.
ಕೇಳಿದ್ದನ್ನು ಹೊರಗೆ ಯಾರಿಗೂ ಚಾಡಿ ಹೇಳಲ್ಲ."

ಸೋರ್ಬಿಯನ್ನಿನಲ್ಲಿ ಪತ್ರ ಶುರುವಾಯಿತು.
ಅತ್ತಿಗೆಯ ಹೆಸರು ಹೇಳಿದರೆ ಎಲೆಕೋಸು ಎಂದು ಬರೆಯಿತು.
ತಪ್ಪೇನಿಲ್ಲ ಬಿಡು, ಎಂದು ನಕ್ಕಳು.

ಸಿಟ್ಟು ಬಂದದ್ದು ಬೇರೆ ಮಾತಿಗೆ.
ಅವಳ ನುಡಿಯಲ್ಲಿ ಒಬ್ಬರಿಗೂ ಹಲವರಿಗೂ ನಡುವೆ
ಇಬ್ಬರಿಗೆಂದೇ ಒಂದು ವಚನವುಂಟು,
ನಾವು ಸಂಸ್ಕೃತದ ತರಗತಿಯಲ್ಲಿ ಉರು ಹೊಡೆದು ಮರೆತದ್ದು.
ನಾವಿಬ್ಬರೂ ಕೆರೆಯವರೆಗೆ ನಡೆದೆವು ಅಂದರೆ
ಯಂತ್ರ ಪ್ರತಿ ಸಲ
ಇಡೀ ಊರನ್ನೇ ನಡೆಸಿತು.

ಮ್ಯೆರ್ಚಿನ್ ಒಳಗಿನ ಕಡತ ಬಿಚ್ಚಿದ. ಬೀಗವೇ ಇರಲಿಲ್ಲ.
ಚಳಿಗಾಲವಿಡೀ ಅವಳು ಮೈಕಿನ ಮುಂದೆ
ಜೋಡಿಗಳನ್ನಷ್ಟೇ ಓದಿದಳು:
ಎರಡು ಕುದುರೆ, ಎರಡು ಕೆನ್ನೆ, ಕೊನೆಯ ಬಸ್ಸು ತಪ್ಪಿದ ಇಬ್ಬರು,
ಜಗಳವಾಡುತ್ತ ಒಂದೇ ಕೊಡೆ ಹಿಡಿದವರು.
ಕೆಮ್ಮಿದರೆ ಕೆಮ್ಮನ್ನೂ ಕಲಿತುಕೊಂಡಿತು.

ಮಾರ್ಚಿಯ ಒಂದು ರಾತ್ರಿ, ಒಂದಕ್ಷರ ತಪ್ಪದೆ,
ಪರದೆಯ ಮೇಲೆ: ನಾವಿಬ್ಬರೂ.

ಹಾಂಜಾ ಕೋಣೆಯ ಸುತ್ತ ನೋಡಿದಳು.
ಒಲೆ. ಕುರ್ಚಿ. ಒಣಗಹಾಕಿದ ಕಾಲುಚೀಲ, ಒಂದೇ.
"ಅಂದರೆ, ನಾನೂ ನೀನೂ?"

ಅದು ಅದನ್ನೂ ಬರೆದುಕೊಂಡಿತು,
ಪ್ರಶ್ನೆಯ ಚಿಹ್ನೆಯೊಂದನ್ನು ಬಿಟ್ಟು