ನೆತ್ತಿ ಮೂಸುವುದು

ಉಲಾನ್‌ಬಾತರ್, ಜನವರಿ. ಕಲ್ಲಿದ್ದಲ ಹೊಗೆ
ಗುಡ್ಡ ಇಳಿದು ಟ್ರಾಲಿಬಸ್ಸಿನ ಗಾಜಿಗೆ ಒರಗಿದೆ.
ಸ್ಟೀರಿಂಗ್ ಹಿಡಿದು ಬಾಯಲ್ಲೇ ಉಸಿರಾಡುತ್ತೇನೆ.
ಹುಬ್ಬಿನ ಹಿಂದೆ ಯಾರೋ
ಒದ್ದೆ ಉಣ್ಣೆ ತುರುಕಿ ಮರೆತುಹೋಗಿದ್ದಾರೆ,
ಹನ್ನೊಂದು ವರ್ಷವಾಯಿತು.

ಡಾಕ್ಟರ್ ಸೊಲೊಂಗೊ ಕೊಳವೆ ಇಳಿಸಿ ನೋಡಿದಳು,
ಯಂತ್ರವೊಂದಕ್ಕೆ ಮೂಗಿನಿಂದ ಉಸಿರು ಬಿಡಿಸಿದಳು.
'ದಾರಿ ತೆರೆದೇ ಇದೆ ಅಕ್ಕಾ, ಗಾಳಿ ಓಡಾಡುತ್ತಿದೆ.'
ಓಡಾಡಿದರೆ ನನಗೇಕೆ ಹೇಳಿ ಹೋಗುವುದಿಲ್ಲ?

ಪುದೀನದ ಎಣ್ಣೆ ಮೂಗಿನ ಬಳಿ ಹಿಡಿದಳು.
ಅಬ್ಬಾ! ಯಾರೋ ಕದ ಒದ್ದ ಹಾಗೆ ತಣ್ಣನೆ,
ತಲೆಯೊಳಗೆ ಇಡೀ ಹುಲ್ಲುಗಾವಲು.
ಯಂತ್ರದ ಮುಳ್ಳು ಮಾತ್ರ ಕದಲಲಿಲ್ಲ:
ಮೊದಲೂ ಅಷ್ಟೇ ಗಾಳಿ, ಈಗಲೂ ಅಷ್ಟೇ.
ಹಾಗಾದರೆ ಬಾಗಿಲು ಮುಚ್ಚಿರಲಿಲ್ಲ,
ಹೊಸ್ತಿಲಿಗೆ ಜೋಮು ಹಿಡಿದಿತ್ತು.

ನಮ್ಮಲ್ಲಿ ಮುತ್ತಿಡುವುದೆಂದರೆ ಮೂಸುವುದೇ;
ಎರಡಕ್ಕೂ ಒಂದೇ ಮಾತು.
ಪಾಳಿ ಮುಗಿಸಿ ಬಂದು, ನಿದ್ದೆಯಲ್ಲಿದ್ದ
ತೆಮೂಲೆನ್‌ನ ನೆತ್ತಿಗೆ ಮೂಗು ಊರುತ್ತೇನೆ.
ಏನೂ ಇಲ್ಲ. ಹಾಲಿಲ್ಲ,
ಕುರಿತುಪ್ಪಳದ ಟೋಪಿಯ ಜಿಡ್ಡೂ ಇಲ್ಲ.
ಕೂದಲು ಬೆಚ್ಚಗಿದೆ, ಅಷ್ಟೆ.

ಹುಡುಗ ಕಣ್ಣು ಬಿಡದೆ ಗೊಣಗುತ್ತಾನೆ:
'ಅಜ್ಜೀ, ನಿನ್ನ ಮೂಗು ತಣ್ಣಗಿದೆ.'

ತಣ್ಣಗಿದೆಯಂತೆ.
ಇನ್ನೊಮ್ಮೆ ಹೇಳೋ, ಅಂದೆ.