ನಲವತ್ತು ಗಂಟೆ

ಥಂಡರ್ ಬೇಯಲ್ಲಿ ಹೈಸ್ಕೂಲು ದಾಟಲು
ಗಣಿತ ಬೇಕು, ವಿಜ್ಞಾನ ಬೇಕು,
ಜೊತೆಗೆ ನಲವತ್ತು ಗಂಟೆ ಪುಕ್ಕಟೆ ಒಳ್ಳೆಯತನ.
ಫಾರಂ ಹಂಚುವವಳು ನಾನೇ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ;
ಇಲ್ಲಿ ಎಡಗೈಯೇ ಸಹಿ ಹಾಕಬೇಕು,
ದಿನಾಂಕ ಸಮೇತ.

ಡಾರ್ಸಿಯ ಹಾಳೆ ಮೇ ತಿಂಗಳಲ್ಲಿ ಬಂತು
ಕಾಫಿ ಲೋಟದ ಉಂಗುರ ಒತ್ತಿಸಿಕೊಂಡು.
ಗ್ರಂಥಾಲಯ, ಮೂವತ್ತೊಂದು.
ಲೆಹ್ಟೋ ಅಜ್ಜಿಯ ಅಂಗಳದ ಹಿಮ ಬಾಚಿದ್ದು, ಒಂಬತ್ತು.
ಸಹಿಯ ಜಾಗದಲ್ಲಿ ಅಜ್ಜಿಯ ನಡುಗುವ ಅಕ್ಷರ:

"ಒಂಬತ್ತು ಸುಳ್ಳು, ಟೀಚರ್.
ಎರಡು ಗಂಟೆ ಇವನಿಗೆ ಸಲಿಕೆ ಹಿಡಿಯಲು ಕಲಿಸಿದೆ,
ಅದು ನನ್ನ ಸೇವೆ.
ಮೂರು ಗಂಟೆ ಇಸ್ಪೀಟಿನಲ್ಲಿ ಸೋತ,
ಅದು ಅವನ ಹಣೆಬರಹ.
ಆದರೆ ಆಸ್ಪತ್ರೆಯಿಂದ ಫೋನು ಬಂದ ದಿನ
ಬೂಟು ಬಿಚ್ಚದೆ, ಏನೂ ಹೇಳದೆ
ಕತ್ತಲಾಗುವವರೆಗೆ ಬಾಗಿಲಲ್ಲೇ ನಿಂತಿದ್ದ.
ಅದನ್ನು ಯಾವ ಖಾನೆಗೆ ಬರೆಯಲಿ?"

ಕೂಡಿದೆ, ಕಳೆದೆ. ಪೆನ್ನಿನ ತುದಿ ಕಚ್ಚಿದೆ.
"ಐದು ಗಂಟೆ ಕಡಿಮೆ ಬೀಳ್ತದೆ, ಡಾರ್ಸಿ."
"ಶನಿವಾರ ಹೇಗೂ ಹೋಗ್ತೇನೆ ಮಿಸ್,
ಕಿಟಕಿಗೆ ಬಣ್ಣ ಬಳಿಯೋದಿದೆ."
ಹೊಸ ಫಾರಂ ಕೊಟ್ಟೆ.
ಮಾತಾಡುತ್ತಾ ಅದನ್ನು ನನ್ನ ಮೇಜಿನ ಮೇಲೇ ಬಿಟ್ಟು
ಹೋಗಿಬಿಟ್ಟ.