ಏಳನೇ ತಾರೀಖಿನ ಕಡುಬು

ಕೋಟೆ ರಸ್ತೆಯ ಮನೆಗಳನ್ನು ನಾನು
ನಂಬರಿನಿಂದ ಬಲ್ಲೆ, ಮೂಗಿನಿಂದಲೂ ಬಲ್ಲೆ.
ಬೆಳಗ್ಗೆ ಎಂಟಕ್ಕೆ ಹೆಗಲಿಗೆ ಬಿಲ್ಲಿನ ಯಂತ್ರ,
ಬಾಗಿಲಲ್ಲಿ ನಿಂತು "ಕರೆಂಟು" ಅಂದರೆ ಸಾಕು,
ಹೆಸರು ಯಾರೂ ಕೇಳುವುದಿಲ್ಲ.
ಹಾಲೇಶಪ್ಪ ಅಂತ. ಇಪ್ಪತ್ತೆರಡು ವರ್ಷ ಆಯಿತು.

ಸೆರಾವೊ ಟೀಚರ ಮನೆಯಲ್ಲಿ ತಿಂಗಳಿಗೆ ಮೂವತ್ತೊಂದು ಯೂನಿಟ್ಟು:
ಎರಡು ದೀಪ, ಒಂದು ರೇಡಿಯೊ.
ಕಾವಲಿಯ ಮೇಲೆ ಬಂಗಡೆ, ಅದಕ್ಕೆ ಮೀಟರಿಲ್ಲ.
ಲಷ್ಕರ್ ಮೊಹಲ್ಲಾದ ಫೈರೋಜಾ ಬೀ
ಮೀಟರು ತೋರಿಸುವ ಮೊದಲು ತಟ್ಟೆ ತೋರಿಸುತ್ತಾರೆ:
"ಖೀಮಾ ತಿಂದು ಬರ್ಕೊಳ್ಳಿ, ನಂಬರು ಎಲ್ಲಿ ಓಡಿಹೋಗ್ತದೆ?"
ಓಡುವುದೇ ಅದರ ಕೆಲಸ ಅಂತ
ಬಾಯಿ ತುಂಬಿಕೊಂಡವನು ಹೇಗೆ ಹೇಳಲಿ.

ಜಲಜಾಕ್ಷಮ್ಮನವರ ಮನೆಗೆ
ಮೊದಲ ಸಲ ಕರೆಂಟು ಬಂದಾಗ ಯಾವನೋ ಲೈನ್‌ಮನ್ನು
ನಡುಕಂಬದ ಗಿಳಿಯ ಎದೆಗೇ ಮೊಳೆ ಹೊಡೆದು
ಹಲಗೆ ಕೂರಿಸಿದ್ದಾನೆ.
ಈಗ ಕೆಳಗೆ ಬಾಲ ಕಾಣುತ್ತದೆ,
ಮೇಲೆ ಕೊಕ್ಕು, ಕೊಕ್ಕಿನಲ್ಲೊಂದು ಮರದ ಹಣ್ಣು.
ಹೊರಗೋಡೆಯ ಗಾರೆಯಲ್ಲಿ ೧೯೧೧ ಅಂತ ಇತ್ತು,
ಕೊನೆಯ ಒಂದು ಉದುರಿ
ಮನೆಗೀಗ ಕ್ರಿಸ್ತಶಕ ನೂರ ತೊಂಬತ್ತೊಂದು.
ಕಂಬ ನೋಡಲು ಕ್ಯಾಮೆರಾ ಹಿಡಿದು ಬಂದವರು
ಕಡುಬು ತಿಂದು ಕಂಬ ಮರೆತು ಹೋಗುತ್ತಾರೆ.

ಕಡುಬಿನ ಕಥೆ ಇದು:
ಐವತ್ತೆಂಟಿದ್ದ ಯೂನಿಟ್ಟು ಒಂದು ತಿಂಗಳು
ನೂರೆಪ್ಪತ್ತಕ್ಕೆ ಜಿಗಿಯಿತು.
ಮೀಟರಿಗೆ ಎರಡು ತಟ್ಟು ತಟ್ಟಿ ನೋಡಿದೆ.
ಒಳಗಿನಿಂದ ಗ್ರೈಂಡರಿನ ಗುಡುಗು.
"ಕೊಟ್ಟೆ ಕಡುಬು. ದಿನಕ್ಕೆ ಎಂಬತ್ತು.
ಜಗುಲಿ ದಾಟುವುದಿಲ್ಲ, ಅಲ್ಲೇ ಖರ್ಚು," ಅಂದರು.
ಮನೆಯೋ ಅಂಗಡಿಯೋ ಅಂತ ಒತ್ತುವ ಗುಂಡಿಯೊಂದಿದೆ
ನನ್ನ ಯಂತ್ರದಲ್ಲಿ.
ಶುಂಠಿ ಚಟ್ನಿ ಮೆತ್ತಿದ ಬೆರಳಿಗೆ ಅವತ್ತು ಅದು ಸಿಗಲಿಲ್ಲ.
ಆಮೇಲೂ ಸಿಕ್ಕಿಲ್ಲ.

ಇನ್ನೂರರ ತನಕ ಸರ್ಕಾರದ್ದು,
ದಾಟಿದರೆ ಪೂರ್ತಿ ಕೈಯಿಂದ.
ಹಾಗಾಗಿ ನೂರ ತೊಂಬತ್ತು ಮುಟ್ಟಿದ ಸಂಜೆ
ಜಲಜಾಕ್ಷಮ್ಮ ಗ್ರೈಂಡರಿಗೆ ಹಳೇ ಸೀರೆ ಹೊದಿಸುತ್ತಾರೆ.
ಅಡುಗೆಮನೆಯ ಮೂಲೆಯಲ್ಲಿ, ನೆಲದಲ್ಲಿ ಹುಗಿದ ಒರಳು.
ಅದು ಮನೆಗಿಂತ ಮೊದಲೇ ಬಂದು ಕೂತಿತ್ತಂತೆ,
ಆಮೇಲೆ ಸುತ್ತ ಗೋಡೆ ಎಬ್ಬಿಸಿದರಂತೆ.
ಅವರೂ ಓರಗಿತ್ತಿ ಸುಗುಣಮ್ಮನೂ ಎದುರುಬದುರು ಕೂತು,
ಒಬ್ಬರು ಗುಂಡು ತಿರುಗಿಸಿ, ಒಬ್ಬರು ಉದ್ದು ತಳ್ಳಿ,
ಮಾತು ಬಿಡಿಸಿದ್ದ ಪಾಲಿನ ಜಗಳವನ್ನು
ತಿಂಗಳಿಗೆ ನಾಲ್ಕು ರಾತ್ರಿ
ನುಣ್ಣಗೆ ರುಬ್ಬುತ್ತಾರೆ.

ನಾನು ಹೋಗುವುದು ಏಳನೇ ತಾರೀಖು.
ನನ್ನ ಪಾಲಿಗೆ ಬಂದದ್ದೆಲ್ಲ ಕಲ್ಲಿನ ಕಡುಬೇ.
ಹಲಸಿನೆಲೆ ಬಿಚ್ಚಿದರೆ ಮೈಮೇಲೆ ಎಲೆಯ ನರದ ಅಚ್ಚು,
ಹಬೆಯಲ್ಲಿ ಕನ್ನಡಕ ಮಂಜಾಗಿ
ಮೊದಲ ತುತ್ತು ಕುರುಡು.

ಒಮ್ಮೆ ಇಪ್ಪತ್ತರಂದು ಮಗಳನ್ನು ಕರೆದುಕೊಂಡು
ಕಾಸು ಕೊಟ್ಟು ತಿನ್ನೋಣ ಅಂತ ಹೋದೆ.
ಮೆತ್ತಗೇ ಇತ್ತು. ಚಟ್ನಿಯೂ ಅದೇ. ಅವಳು ಮೂರು ತಿಂದಳು.
ನನಗೆ ಏನೋ ಒಂದು ಕಡಿಮೆ.
ಜಲಜಾಕ್ಷಮ್ಮ ನನ್ನ ಮುಖ ನೋಡಿ ನಕ್ಕರು:
"ತಾರೀಖು ತಪ್ಪಿ ಬಂದಿರಲ್ರೀ."

ಈಗ ಗಾಂಧಿ ಬಜಾರಿನ ನಾಲಿಗೆಗೂ ಪಂಚಾಂಗ ಬಂದಿದೆ.
ಬಟ್ಟೆಯಂಗಡಿ ಶಾಂತಿಲಾಲ್, ಮಂಡಕ್ಕಿ ಮಂಡಿಯ ಗದಿಗೆಪ್ಪ,
ಹೊಳೆಯಲ್ಲಿ ಮಿಂದು ಒದ್ದೆ ತಲೆಯಲ್ಲೇ ಬರುವ ಭಟ್ಟರು:
ನಾಲ್ಕು, ಐದು, ಆರು, ಏಳು,
ಜಗುಲಿಯ ಕೆಳಗೆ ಚಪ್ಪಲಿಯ ಸಂತೆ.
ಯಾವ ವ್ರತವೋ, ಯಾವ ಹರಕೆಯೋ ಅಂತ
ಅವರವರೇ ಊಹಿಸುತ್ತಾರೆ.
ಗಿಳಿಗೆ ಗೊತ್ತು. ಅದರ ಎದೆಯ ಮೇಲೇ ಇದೆ ಲೆಕ್ಕ.

ಇವತ್ತು ನೂರ ತೊಂಬತ್ತೆಂಟು.
ಯಂತ್ರ ಕಿರ್ರೆಂದು ಚೀಟಿ ಕಕ್ಕಿತು. ಸೊನ್ನೆ.
ಜಲಜಾಕ್ಷಮ್ಮ ಅದನ್ನು ಓದಲಿಲ್ಲ, ನಾಲ್ಕಾಗಿ ಮಡಿಸಿ
ಕೊಬ್ಬರಿ ಎಣ್ಣೆ ಬಾಟಲಿಯ ಬಿರಡೆ ಬಿಗಿ ಮಾಡಿದರು.
ಒಳಗೆ ಸುಗುಣಮ್ಮ
ಗ್ರೈಂಡರಿನ ಸೀರೆ ತೆಗೆಯುತ್ತಿದ್ದರು.
"ಇನ್ನೊಂದು ಹಾಕಲೇ?"
ಎರಡು, ಅಂದೆ.